ದ್ರಾಕ್ಷಿ ಕಡ್ಡಿಗೆ ಇರುವ ಶಕ್ತಿ ನಮಗ್ಯಾಕಿಲ್ಲ?

ವೀಕ್ಷಕರೇ, ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಹೊರಡಿ. ಅಲ್-ಅಮೀನ್ ಮೆಡಿಕಲ್ ಕಾಲೇಜು ದಾಟಿ, ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ದಾಟಿ ತಿಕೋಟಾ ಕಡೆ ಸಾಗಿದರೆ ದ್ರಾಕ್ಷಿ ಸೀಮೆ ಶುರು. ಅಲ್ಲಿನ ಯಾವ ರೈತರನ್ನ ಬೇಕಾದರೂ ಕೇಳಿ, ಹೊಸ ತೋಟ ಹೇಗೆ ಮಾಡ್ತೀರಿ ಅಂತ. ಬೀಜ ಬಿತ್ತುತ್ತೀವಿ ಅಂತ ಒಬ್ಬರೂ ಹೇಳೋದಿಲ್ಲ. ಬರ ಮತ್ತು ಸವುಳು ನೀರು ತಡೆದುಕೊಳ್ಳುವ ಡಾಗ್‌ರಿಡ್ಜ್ ಬೇರುಗಿಡ ನೆಡ್ತಾರೆ. ಅದರ ಮೇಲೆ ಥಾಮ್ಸನ್ನೋ ಮತ್ತೊಂದೋ ತಳಿಯ ಕಡ್ಡಿ ತಂದು ಕಸಿ ಕಟ್ಟುತ್ತಾರೆ. ಪೆನ್ಸಿಲ್ ದಪ್ಪದ ಒಂದು ಕಡ್ಡಿ, ಅಷ್ಟೇ. ನೋಡನೋಡುತ್ತಾ ಅದು ಚಪ್ಪರ ತುಂಬಿ ಗೊಂಚಲು ಬಿಡುತ್ತೆ.

ಈಗ ಒಂದು ತಲೆಹರಟೆ ಪ್ರಶ್ನೆ. ಕಡ್ಡಿಯಿಂದ ಬಳ್ಳಿ ಆಗುತ್ತೆ ಅಂದ ಮೇಲೆ, ಬೆರಳಿನಿಂದ ಮನುಷ್ಯ ಯಾಕೆ ಆಗೋದಿಲ್ಲ?

ನಗಬೇಡಿ. ಈ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿದ್ದರೆ ನಿಮ್ಮ ಮನೆಯ ಹೊಲ ಉಳಿಯಬಹುದು. ಯಾಕೆ ಹೀಗೆ ಹೇಳ್ತಿದ್ದೀನಿ ಅನ್ನೋದು ಸ್ವಲ್ಪ ಮುಂದೆ ಗೊತ್ತಾಗುತ್ತೆ.

ದ್ರಾಕ್ಷಿ ಕಡ್ಡಿಯಲ್ಲಿ ಮೊದಲೇ ಕಣ್ಣು ಇರುತ್ತೆ, ಅದು ಚಿಗುರುತ್ತೆ, ಇದರಲ್ಲೇನು ದೊಡ್ಡ ಮಾತು ಅಂತ ಕೃಷಿ ಓದಿದವರು ಆಕ್ಷೇಪ ತೆಗೀಬಹುದು. ಒಪ್ಪುತ್ತೀನಿ. ಹಾಗಾದರೆ ಕಣ್ಣೇ ಇಲ್ಲದ ಸಾಕ್ಷಿ ತಗೊಳ್ಳಿ. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಶಿಪ್ರಾ ಗುಹಾ ಮತ್ತು ಸತೀಶ್ ಚಂದ್ರ ಮಹೇಶ್ವರಿ ಅನ್ನೋ ಇಬ್ಬರು ವಿಜ್ಞಾನಿಗಳು ದತ್ತೂರಿ ಹೂವಿನ ಪರಾಗಕೋಶವನ್ನು ಗಾಜಿನ ಕೊಳವೆಯಲ್ಲಿ ಬೆಳೆಸಿದರು. ಹೌದು, ನಾವು ಶಿವನಿಗೆ ಏರಿಸ್ತೀವಲ್ಲ, ಅದೇ ದತ್ತೂರಿ. ಕಣ್ಣಿಗೆ ಕಾಣದಷ್ಟು ಸಣ್ಣ ಪರಾಗದ ಕಣದಿಂದ ಪುಟ್ಟ ಗಿಡಗಳು ಎದ್ದವು. ಇಡೀ ಜಗತ್ತಿನ ಸಸ್ಯವಿಜ್ಞಾನಿಗಳು ದೆಹಲಿಯತ್ತ ತಿರುಗಿ ನೋಡಿದರು. ಮರುವರ್ಷ, 1965ರಲ್ಲಿ, ಭಾರತ ಮೂಲದ ಇನ್ನೊಬ್ಬ ಹೆಣ್ಣುಮಗಳು ವಿಮಲಾ ವಾಸಿಲ್ ಅಮೆರಿಕದಲ್ಲಿ ಹಿಲ್ಡೆಬ್ರಾಂಟ್ ಅವರ ಜೊತೆ ಸೇರಿ ತಂಬಾಕು ಗಿಡದ ಒಂದೇ ಒಂದು ಜೀವಕೋಶವನ್ನು ಬೇರ್ಪಡಿಸಿ, ಅದರಿಂದ ಪೂರ್ತಿ ತಂಬಾಕು ಗಿಡ ಬೆಳೆಸಿ ತೋರಿಸಿದರು. ಇವತ್ತು ನಮ್ಮ ರೈತರು ಲಾರಿಗಟ್ಟಲೆ ತರಿಸುವ ಟಿಶ್ಯೂ ಕಲ್ಚರ್ ಬಾಳೆ ಸಸಿ ಇದೇ ವಿದ್ಯೆಯ ಮೊಮ್ಮಗು.

ಒಂದೇ ಕೋಶಕ್ಕೆ ಇಡೀ ಜೀವಿಯನ್ನು ಕಟ್ಟುವ ಈ ತಾಕತ್ತಿದೆಯಲ್ಲ, ಅದಕ್ಕೆ ಟೋಟಿಪೊಟೆನ್ಸಿ ಅಂತಾರೆ. ಕನ್ನಡದಲ್ಲಿ ಸರ್ವಸಮರ್ಥತೆ ಅನ್ನೋಣ. ಗಿಡಕ್ಕೆ ಇದು ಬದುಕಿನುದ್ದಕ್ಕೂ ಕೈಯಲ್ಲಿರುವ ಆಸ್ತಿ. ಓಡಿಹೋಗಲು ಕಾಲಿಲ್ಲ, ದನ ಬಂದು ಮೇಯ್ದರೆ ಮತ್ತೆ ಚಿಗುರಲೇಬೇಕು. ಮನುಷ್ಯನ ಕಥೆ ಬೇರೆ. ನಮಗೂ ಈ ಶಕ್ತಿ ಇತ್ತು. ಆದರೆ ಕೆಲವೇ ದಿನಗಳ ಮಟ್ಟಿಗೆ, ತಾಯಿಯ ಹೊಟ್ಟೆಯಲ್ಲಿ, ನಾವಿದ್ದೀವಿ ಅನ್ನೋದು ತಾಯಿಗೂ ಗೊತ್ತಾಗುವ ಮೊದಲು.

ಹೇಗೆ? ಗದಗ ಜಂಕ್ಷನ್ ನೆನಪು ಮಾಡಿಕೊಳ್ಳಿ. ಅಲ್ಲಿ ನಿಂತ ರೈಲು ಹುಬ್ಬಳ್ಳಿಗೂ ಹೋಗಬಹುದು, ಹೊಸಪೇಟೆಗೂ ಹೋಗಬಹುದು, ಬಾಗಲಕೋಟೆ ಮೇಲೆ ವಿಜಯಪುರಕ್ಕೂ ಬರಬಹುದು. ಎಲ್ಲ ದಾರಿಯೂ ತೆರೆದಿದೆ. ತಂದೆಯ ವೀರ್ಯಾಣು, ತಾಯಿಯ ಅಂಡಾಣು ಸೇರಿ ಆಗುವ ಮೊದಲ ಕೋಶ ಅಂದರೆ ಆ ಜಂಕ್ಷನ್‌ನಲ್ಲಿ ನಿಂತ ರೈಲು. ಅದು ಎರಡಾಗುತ್ತೆ, ನಾಲ್ಕಾಗುತ್ತೆ, ಮೂರನೇ ದಿನದ ಹೊತ್ತಿಗೆ ಎಂಟಾಗುತ್ತೆ. ಹೆಚ್ಚುಕಮ್ಮಿ ಅಲ್ಲಿಯವರೆಗೆ ಮಾತ್ರ ಈ ಕೋಶಗಳು ಸರ್ವಸಮರ್ಥ. ಮಗುವನ್ನೂ ಕಟ್ಟಬಲ್ಲವು, ಮಗುವಿಗೆ ಅನ್ನ ನೀರು ಕೊಡುವ ಮಾಸು, ಹೊಕ್ಕುಳಬಳ್ಳಿಯನ್ನೂ ಕಟ್ಟಬಲ್ಲವು. ಐದನೇ ದಿನಕ್ಕೆ ರೈಲು ಮೊದಲ ಸ್ಟೇಷನ್ ದಾಟಿಬಿಡುತ್ತೆ. ಹೊರಗಿನ ಪದರದ ಕೋಶಗಳು ಮಾಸು ಆಗುವ ಹಳಿ ಹಿಡಿಯುತ್ತವೆ. ಒಳಗಿನ ಒಂದು ಹಿಡಿ ಕೋಶಗಳು ಮಗು ಆಗುವ ಹಳಿ ಹಿಡಿಯುತ್ತವೆ. ಆ ಒಳಗಿನ ಕೋಶಗಳು ಮಿದುಳು, ಹೃದಯ, ಎಲುಬು, ರಕ್ತ ಎಲ್ಲವೂ ಆಗಬಲ್ಲವು, ಆದರೆ ತಮ್ಮಷ್ಟಕ್ಕೆ ತಾವೇ ಗರ್ಭದಲ್ಲಿ ಬೇರೂರಿ ಮಗುವಾಗಲಾರವು. ಅವು ಬಹುಸಮರ್ಥ, ಅಂದರೆ ಪ್ಲುರಿಪೊಟೆಂಟ್. ಮುಂದೆ ಹೋದಂತೆ ಹಳಿ ಇನ್ನೂ ಕವಲೊಡೆಯುತ್ತೆ. ದೊಡ್ಡವರ ಎಲುಬಿನ ಮಜ್ಜೆಯಲ್ಲಿರುವ ಸ್ಟೆಮ್ ಸೆಲ್ ರಕ್ತದ ಎಲ್ಲ ಬಗೆಯ ಕೋಶ ಆಗಬಲ್ಲದು, ಆದರೆ ಮಿದುಳಾಗದು. ಬಾಗಲಕೋಟೆ ದಾಟಿದ ರೈಲು ಹೊಸಪೇಟೆಗೆ ಹೋಗುತ್ತಾ?

ನಮ್ಮ ಮೈಯಲ್ಲಿ ಸುಮಾರು 37 ಲಕ್ಷ ಕೋಟಿ ಜೀವಕೋಶ ಇವೆ ಅಂತ ಅಂದಾಜು. ಅಷ್ಟರಲ್ಲಿ ಒಂದೂ ಸರ್ವಸಮರ್ಥ ಅಲ್ಲ. ಮೂಳೆಯಲ್ಲಿಲ್ಲ, ಕೊಬ್ಬಿನಲ್ಲಿಲ್ಲ, ಹಲ್ಲಿನಲ್ಲಿಲ್ಲ, ಹೊಕ್ಕುಳಬಳ್ಳಿಯ ರಕ್ತದಲ್ಲೂ ಇಲ್ಲ. ಈ ವಾಕ್ಯವನ್ನು ಗೆರೆ ಎಳೆದು ಇಟ್ಟುಕೊಳ್ಳಿ.

ಮೊದಲ ಕೋಶಗಳ ಈ ಶಕ್ತಿಯನ್ನು ಜರ್ಮನಿಯ ಹಾನ್ಸ್ ಸ್ಪೇಮಾನ್ ಹಿಂದಿನ ಶತಮಾನದ ಆರಂಭದಲ್ಲೇ ಪರೀಕ್ಷಿಸಿದ್ದರು. ಅವರ ಉಪಕರಣ ಏನು ಗೊತ್ತೇನು? ತಮ್ಮ ಎಳೆಗೂಸಿನ ತಲೆಗೂದಲು! ಹಲ್ಲಿಯಂತೆ ಕಾಣುವ ನ್ಯೂಟ್ ಎಂಬ ಜೀವಿಯ ಭ್ರೂಣ ಎರಡು ಕೋಶ ಆಗಿದ್ದಾಗ ನಡುವೆ ಆ ಕೂದಲಿನ ಕುಣಿಕೆ ಹಾಕಿ ಬಿಗಿದರು. ಒಂದು ಭ್ರೂಣದಿಂದ ಎರಡು ಪೂರ್ತಿ ಮರಿ ಆದವು. ನಮ್ಮೂರಲ್ಲಿ ಅಚ್ಚು ಒತ್ತಿದಂಥ ಅವಳಿ ಮಕ್ಕಳು ಹುಟ್ಟಿದರೆ ಜನ ಬೆರಗಾಗಿ ನೋಡ್ತಾರಲ್ಲ, ಅಲ್ಲೂ ನಡೆದಿರೋದು ಇದೇ ಥರದ್ದು: ಒಂದೇ ಭ್ರೂಣ ಎರಡಾಗಿ ಹೋಳಾಗಿದೆ, ಎರಡೂ ಪೂರ್ತಿಯಾಗಿವೆ.

ಸರಿ, ಇಷ್ಟು ಶಕ್ತಿ ಇರುವ ಕೋಶದಿಂದ ವೈದ್ಯಕೀಯಕ್ಕೆ ಏನು ಲಾಭ? ಅದನ್ನೇ ಸಿರಿಂಜ್‌ನಲ್ಲಿ ತುಂಬಿ ಚುಚ್ಚಿದರೆ ರೋಗ ವಾಸಿ ಆಗಲ್ವಾ? ಆಗಲ್ಲ. ಎಲ್ಲವೂ ಆಗಬಲ್ಲ ಕೋಶಕ್ಕೆ ಮೈಯೊಳಗೆ ಬಿಟ್ಟರೆ ಏನಾಗಬೇಕು ಅನ್ನೋದೇ ಗೊತ್ತಾಗೋದಿಲ್ಲ. ಬಹುಸಮರ್ಥ ಕೋಶವನ್ನು ಇಲಿಗೆ ಹಾಗೇ ಚುಚ್ಚಿದರೂ ಟೆರಟೋಮಾ ಅನ್ನೋ ಗಡ್ಡೆ ಬೆಳೆಯುತ್ತೆ. ಒಂದೇ ಗಡ್ಡೆಯಲ್ಲಿ ಮೃದ್ವಸ್ಥಿ, ಸ್ನಾಯು, ಚರ್ಮ, ನರ ಎಲ್ಲ ಕಲಸುಮೇಲೋಗರ. ಶಕ್ತಿ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಹಾಗಾದರೆ ವಿಜ್ಞಾನಿಗಳು ಇದರ ಹಿಂದೆ ಯಾಕೆ ಬಿದ್ದಿದ್ದಾರೆ? ಮೊದಲ ಕಾರಣ, ಗರ್ಭ. ಎಷ್ಟೋ ಗರ್ಭಗಳು ಮೊದಲ ವಾರಗಳಲ್ಲೇ ಹೋಗಿಬಿಡುತ್ತವೆ. ಐವಿಎಫ್ ಮಾಡಿಸಿಕೊಂಡ ದಂಪತಿಗಳಲ್ಲಿ ಭ್ರೂಣ ನಿಲ್ಲದೇ ಹೋದಾಗ ಸೊಸೆಯನ್ನೇ ದೂರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಆ ಮೊದಲ ದಿನಗಳಲ್ಲಿ ಏನು ಕೆಟ್ಟಿತು ಅನ್ನೋದನ್ನ ನೋಡೋಕೆ ಕಿಟಕಿಯೇ ಇರಲಿಲ್ಲ. 2022ರಲ್ಲಿ ಚೀನಾದ ವಿಜ್ಞಾನಿಗಳು ಲ್ಯಾಬ್‌ನಲ್ಲಿದ್ದ ಮನುಷ್ಯರ ಬಹುಸಮರ್ಥ ಕೋಶಗಳನ್ನು ಇನ್ನಷ್ಟು ಹಿಂದಕ್ಕೆ ತಳ್ಳಿ, ಎಂಟು ಕೋಶದ ಹಂತದ ಭ್ರೂಣವನ್ನು ಹೋಲುವ ಕೋಶ ಮಾಡಿದರು. 2023ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಅಂಡಾಣು, ವೀರ್ಯಾಣು ಯಾವುದೂ ಇಲ್ಲದೆ ಬರೀ ಸ್ಟೆಮ್ ಸೆಲ್‌ಗಳಿಂದ ಹದಿನಾಲ್ಕು ದಿನದ ಭ್ರೂಣವನ್ನು ಹೋಲುವ ಮಾದರಿ ಕಟ್ಟಿದರು. ಇವು ಮಗು ಆಗೋದಿಲ್ಲ, ಮಾಡುವ ಉದ್ದೇಶವೂ ಇಲ್ಲ. ಆದರೆ ಕಿಟಕಿ ತೆರೆದಿದೆ. ನಮ್ಮ ದೇಶದ ನಿಯಮವೂ ಸ್ಪಷ್ಟ: ಲ್ಯಾಬ್‌ನಲ್ಲಿ ಮಾನವ ಭ್ರೂಣವನ್ನು ಹದಿನಾಲ್ಕು ದಿನ ಮೀರಿ ಬೆಳೆಸುವಂತಿಲ್ಲ.

ಎರಡನೇ ಕಾರಣ, ಹಳಿಯ ನಕ್ಷೆ. ಜಂಕ್ಷನ್‌ನಿಂದ ಹೊರಟ ಕೋಶ ಎಲ್ಲಿ, ಯಾವ ಸಿಗ್ನಲ್ ನೋಡಿ ತಿರುಗಿತು ಅನ್ನೋದು ಗೊತ್ತಾದರೆ ಬೇಕಾದ ಕೋಶವನ್ನು ಬೇಕಾದಷ್ಟು ಮಾಡಬಹುದು. ರೈಲನ್ನು ಹಿಂದಕ್ಕೂ ಓಡಿಸಬಹುದು ಅಂತ ತೋರಿಸಿದವರು ಜಪಾನಿನ ಶಿನ್ಯಾ ಯಮನಾಕ. 2006ರಲ್ಲಿ ಇಲಿಯ ಚರ್ಮದ ಕೋಶಕ್ಕೆ ಬರೀ ನಾಲ್ಕು ಜೀನ್ ಸೇರಿಸಿ ಅದನ್ನು ಬಹುಸಮರ್ಥ ಮಾಡಿದರು, ಮರುವರ್ಷ ಮನುಷ್ಯರ ಕೋಶದಲ್ಲೂ ಸಾಧಿಸಿದರು, 2012ರಲ್ಲಿ ನೊಬೆಲ್ ಬಂತು. ಗಮನಿಸಿ, ಅವರ ರೈಲು ಕೂಡ ಜಂಕ್ಷನ್‌ವರೆಗೆ ಬರಲಿಲ್ಲ, ಒಂದು ಸ್ಟೇಷನ್ ಈಚೆಗೇ ನಿಂತಿತು.

ಇದೆಲ್ಲ ಫಾರಿನ್ ಕಥೆ ಅಂದುಕೊಳ್ಳಬೇಡಿ. 2001ರಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಭ್ರೂಣದ ಸ್ಟೆಮ್ ಸೆಲ್ ಸಂಶೋಧನೆಗೆ ಕಡಿವಾಣ ಹಾಕಿ, ಆಗಲೇ ಇರುವ ಕೋಶಸಾಲುಗಳಿಗೆ ಮಾತ್ರ ಹಣ ಅಂದಾಗ ಬಂದ ಪಟ್ಟಿಯಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯ ಹೆಸರೂ ಇತ್ತು. ಮುಂದೆ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಮತ್ತು ತಂಡ, ಐವಿಎಫ್‌ಗೆ ಯೋಗ್ಯವಲ್ಲ ಅಂತ ಬದಿಗಿಟ್ಟಿದ್ದ ಭ್ರೂಣಗಳಿಂದ ಎರಡು ಕೋಶಸಾಲು ಬೆಳೆಸಿ 2009ರಲ್ಲಿ ಪ್ರಕಟಿಸಿತು. ಹೆಸರು ಬಿಜೆಎನ್‌ಹೆಮ್-19, ಬಿಜೆಎನ್‌ಹೆಮ್-20. ಆ ಹೆಸರಿನ ಮೊದಲಕ್ಷರದಲ್ಲಿ ಬೆಂಗಳೂರು ಕೂತಿದೆ. ಎಸೆಯಬೇಕಾಗಿದ್ದರಿಂದ ವಿಜ್ಞಾನ ಹುಟ್ಟಿಸೋದು ಅಂದರೆ ಇದು.

ಈಗ ಆ ಹೊಲದ ವಿಷಯಕ್ಕೆ ಬರ್ತೀನಿ. ಆರೋಗ್ಯದ ಒಂದು ಕಾರ್ಯಕ್ರಮ ಮುಗಿದ ಮೇಲೆ ತಿಕೋಟಾ ಕಡೆಯ ಒಬ್ಬ ರೈತರು ಫೋನ್ ಮಾಡಿದ್ದರು. "ಸರ್, ಮಗಗ ಎಂಟು ವರ್ಷ ಆತ್ರೀ. ಹುಟ್ಟಿದಾಗ ಅತ್ತಿರಲಿಲ್ಲ. ಈಗೂ ತಾನಾ ಕುಂದ್ರಾಕ ಆಗಂಗಿಲ್ಲ. ದೊಡ್ಡ ಊರಾಗ ಒಂದ್ ಆಸ್ಪತ್ರಿಯವರು ಸ್ಟೆಮ್ ಸೆಲ್ ಹಾಕ್ತೀವಿ, ಎದ್ದು ಅಡ್ಡಾಡ್ತಾನ ಅಂದಾರ. ಎಲ್ಲಾ ಅವಯವ ಹೊಸಾದು ಮಾಡೂ ಕೋಶ ಅಂತ್ರೀ. ಎರಡ ಎಕರೆ ದ್ರಾಕ್ಷಿ ಪಡ ಐತಿ. ಮಾರೂಣೇನ್ರೀ?"

ಎಲ್ಲಾ ಅವಯವ ಹೊಸದು ಮಾಡುವ ಕೋಶ! ಪುಸ್ತಕದಲ್ಲಿರುವ ಸರ್ವಸಮರ್ಥ ಕೋಶದ ವರ್ಣನೆಯನ್ನು ಎತ್ತಿ, ಮಗುವಿನದೇ ಸೊಂಟದ ಮಜ್ಜೆಯಿಂದ ತೆಗೆದ ಸಾಮಾನ್ಯ ಕೋಶದ ಬಾಟಲಿಗೆ ಲೇಬಲ್ ಅಂಟಿಸಿದ್ದಾರೆ. ಕನಕಾಂಬರ ಹೂವಿಗೆ ಮಲ್ಲಿಗೆಯ ಸೆಂಟು ಹಾಕಿ ಮಾರಿದ ಹಾಗೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಮಸ್ಕ್ಯುಲರ್ ಡಿಸ್ಟ್ರೋಫಿ, ಬೆನ್ನುಹುರಿಗೆ ಪೆಟ್ಟು, ಇವೆಲ್ಲಕ್ಕೂ ಒಂದೇ ಇಂಜೆಕ್ಷನ್ ಅನ್ನುವ ಜಾಹೀರಾತುಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡ್ತಿವೆ. ಒಂದು ಸಲ ಹಾಕಿಸಿದರೆ ಸಾಲದು, ನಾಲ್ಕು ಸಲ ಅಂತಾರೆ. ಮಗು ಸ್ವಲ್ಪ ಕತ್ತು ನಿಲ್ಲಿಸಿತು ಅಂದರೆ ಅದು ಅವರ ಇಂಜೆಕ್ಷನ್‌ನ ಮಹಿಮೆ, ಜೊತೆಗೆ ದಿನಾ ಮಾಡಿಸಿದ ಫಿಸಿಯೋಥೆರಪಿಗೆ ಹೆಸರೇ ಇಲ್ಲ.

ಕಾನೂನು ಏನನ್ನುತ್ತೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರ ಮಾರ್ಗಸೂಚಿಯಲ್ಲಿ ಬರೆದಿರೋದು ಇಷ್ಟು: ರಕ್ತ ಮತ್ತು ರೋಗನಿರೋಧಕ ವ್ಯವಸ್ಥೆಯ ಕೆಲವು ಗುರುತಿಸಿದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿ ಮಾನ್ಯ ಚಿಕಿತ್ಸೆ. ಉಳಿದ ಕಾಯಿಲೆಗೆ ಸ್ಟೆಮ್ ಸೆಲ್ ಕೊಡೋದಿದ್ದರೆ ಅದು ಅನುಮತಿ ಪಡೆದ ಪ್ರಯೋಗದ ಒಳಗೇ ಆಗಬೇಕು, ಹೊರಗೆ ಕೊಟ್ಟರೆ ಅನೈತಿಕ. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿಯೂ ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡೋದಿಲ್ಲ, ಅದರ ಪ್ರಚಾರ ಮಾಡಿದರೆ ವೃತ್ತಿ ದುರ್ನಡತೆ ಅಂತ ಹೇಳಿತು. ಹೇಳಿದ್ದಷ್ಟೇ. ಬ್ಯಾನರ್‌ಗಳು ಇಳಿಯಲಿಲ್ಲ.

ಲಾಭ ಆಗದಿದ್ದರೆ ಹೋಗಲಿ, ನಷ್ಟ ಏನು ಅಂತೀರಾ? ಇಸ್ರೇಲಿನ ಒಬ್ಬ ಹುಡುಗನನ್ನು ತಂದೆ ತಾಯಿ ಮಾಸ್ಕೋಗೆ ಕರೆದೊಯ್ದು ಮಿದುಳು, ಬೆನ್ನುಹುರಿಗೆ ಸ್ಟೆಮ್ ಸೆಲ್ ಹಾಕಿಸಿದ್ದರು. ಕೆಲವು ವರ್ಷಗಳ ಮೇಲೆ ಅಲ್ಲೇ ಗಡ್ಡೆಗಳು ಕಂಡವು. ಪರೀಕ್ಷೆ ಮಾಡಿದರೆ ಗಡ್ಡೆಯ ಕೋಶ ಹುಡುಗನದಲ್ಲ, ದಾನಿಗಳದ್ದು. ಇದು 2009ರಲ್ಲಿ ವೈದ್ಯ ಪತ್ರಿಕೆಯಲ್ಲಿ ದಾಖಲಾದ ಸಂಗತಿ. ಅಮೆರಿಕದ ಫ್ಲೋರಿಡಾದಲ್ಲಿ ಮೂವರು ಮಹಿಳೆಯರು ತಮ್ಮದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣಿಗೆ ಚುಚ್ಚಿಸಿಕೊಂಡು ಇದ್ದ ದೃಷ್ಟಿಯನ್ನೂ ಕಳೆದುಕೊಂಡರು. ಅಮೆರಿಕದಲ್ಲೇ ಹೀಗೆ!

ಹೆರಿಗೆ ಆಸ್ಪತ್ರೆಗಳ ಬಾಗಿಲಲ್ಲಿ ಸಿಗುವ ಇನ್ನೊಂದು ಬ್ರೋಷರ್ ಇದೆ: ಮಗುವಿನ ಹೊಕ್ಕುಳಬಳ್ಳಿಯ ರಕ್ತ ಕಾಪಾಡಿ ಇಡ್ತೀವಿ, ಮುಂದೆ ಏನೇ ಕಾಯಿಲೆ ಬಂದರೂ ಅದೇ ಮದ್ದು. ಇದೂ ಅರ್ಧಸತ್ಯ. ಆ ರಕ್ತದಲ್ಲಿ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಇರೋದು ನಿಜ, ಬೇರೆಯವರ ಮಗುವಿಗೆ ಅದು ಕೆಲಸಕ್ಕೆ ಬಂದಿರೋದೂ ನಿಜ. ಆದರೆ ಆ ಮಗುವಿಗೇ ಥಲಸ್ಸೀಮಿಯಾ ಇದ್ದರೆ ಅದರ ಹೊಕ್ಕುಳ ರಕ್ತದಲ್ಲೂ ಅದೇ ಕೆಟ್ಟ ಜೀನ್ ಇರುತ್ತಲ್ಲ? ಕೆಟ್ಟ ಬೀಜವನ್ನೇ ಭದ್ರವಾಗಿ ಕಣಜದಲ್ಲಿಟ್ಟು ಬಾಡಿಗೆ ಕಟ್ಟಿದಂತೆ. ಸೋದರಮಾವ, ಅಕ್ಕನ ಮಗಳು ಅಂತ ರಕ್ತಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಕಡೆಯವರು ಆ ಬಾಡಿಗೆಯ ದುಡ್ಡಿನ ಒಂದು ಚೂರಲ್ಲಿ, ಗರ್ಭಿಣಿ ಆದ ಕೂಡಲೇ ಥಲಸ್ಸೀಮಿಯಾ ವಾಹಕರಾ ಅನ್ನೋ ರಕ್ತಪರೀಕ್ಷೆ ಮಾಡಿಸಿಕೊಳ್ಳೋದು ಎಷ್ಟೋ ಮೇಲು.

ಹಾಗಂತ ಸ್ಟೆಮ್ ಸೆಲ್ ಅಂದರೆ ಬರೀ ಮೋಸ ಅಂತ ಚಾನೆಲ್ ಬದಲಿಸಬೇಡಿ. ಅಸ್ಥಿಮಜ್ಜೆ ಕಸಿ ನಮ್ಮ ದೇಶದಲ್ಲಿ 1983ರಿಂದ ನಡೀತಿದೆ, ಮುಂಬೈನ ಟಾಟಾ ಆಸ್ಪತ್ರೆಯಲ್ಲಿ ಶುರುವಾಯಿತು. ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದಿದರೆ ಥಲಸ್ಸೀಮಿಯಾ ಮಗು ತಿಂಗಳು ತಿಂಗಳು ರಕ್ತ ಹಾಕಿಸುವ ಕಾಟದಿಂದ ಪಾರಾಗಬಹುದು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯ ವೈದ್ಯರು 2012ರಲ್ಲಿ ಒಂದು ಸರಳ ವಿಧಾನ ಪ್ರಕಟಿಸಿದರು. ತಂಬಾಕಿನ ಜೊತೆ ಬರುವ ಸುಣ್ಣದ ಪೊಟ್ಟಣ ಹಿಚುಕಿ ಮಕ್ಕಳು ಕಣ್ಣು ಸುಟ್ಟುಕೊಳ್ತಾರಲ್ಲ, ಅಂಥವರ ಒಳ್ಳೆಯ ಕಣ್ಣಿನ ಅಂಚಿನಿಂದ ಸ್ಟೆಮ್ ಸೆಲ್ ಇರುವ ಚೂರು ತೆಗೆದು, ಸಣ್ಣ ಸಣ್ಣ ತುಣುಕು ಮಾಡಿ ಸುಟ್ಟ ಕಣ್ಣಿನ ಮೇಲೆ ನೆಡ್ತಾರೆ. ಅಕ್ಷರಶಃ ನಾಟಿ! ಆ ಕೋಶಕ್ಕೆ ಗೊತ್ತಿರೋದು ಒಂದೇ ಕೆಲಸ, ಕಣ್ಣಿನ ಪಾರದರ್ಶಕ ಪದರ ಬೆಳೆಸೋದು. ಆ ಒಂದನ್ನು ಅಚ್ಚುಕಟ್ಟಾಗಿ ಮಾಡುತ್ತೆ. ಬೀಡಿ, ತಂಬಾಕಿನಿಂದ ಕಾಲಿನ ರಕ್ತನಾಳ ಮುಚ್ಚಿ, ಬೆರಳು ಕಪ್ಪಾಗಿ ಕಾಲು ತೆಗೆಯುವ ಹಂತಕ್ಕೆ ಬಂದವರಿಗಾಗಿ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ತಯಾರಿಸಿದ ಸ್ಟೆಂಪ್ಯೂಸೆಲ್‌ಗೆ 2020ರಲ್ಲಿ ಔಷಧ ನಿಯಂತ್ರಕರ ಅನುಮತಿ ಸಿಕ್ಕಿದೆ. ವೆಲ್ಲೂರಿನ ಸಿಎಂಸಿಯಲ್ಲಿ ಹಿಮೋಫಿಲಿಯಾ ಇರುವ ಐದು ಜನರ ಸ್ವಂತ ರಕ್ತದ ಸ್ಟೆಮ್ ಸೆಲ್ ತೆಗೆದು, ಸರಿಯಾದ ಜೀನ್ ಸೇರಿಸಿ ವಾಪಸ್ ಕೊಟ್ಟರು. ಪದೇ ಪದೇ ಆಗುತ್ತಿದ್ದ ರಕ್ತಸ್ರಾವ ನಿಂತಿತು ಅಂತ 2024ರ ಡಿಸೆಂಬರ್‌ನಲ್ಲಿ ವರದಿ ಆಯಿತು.

ಭ್ರೂಣದ ಸ್ಟೆಮ್ ಸೆಲ್ ಕೂಡ ಕೊನೆಗೂ ಫಲ ಕೊಡ್ತಿದೆ. ಅದರಿಂದ ಇನ್ಸುಲಿನ್ ತಯಾರಿಸುವ ಕೋಶ ಬೆಳೆಸಿ ಟೈಪ್-1 ಮಧುಮೇಹ ಇದ್ದವರಿಗೆ ಹಾಕಿದ ಪ್ರಯೋಗದಲ್ಲಿ, ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳೋದು ಬಿಟ್ಟಿದ್ದರು. 2025ರ ಜೂನ್‌ನ ಸುದ್ದಿ ಇದು. ಆದರೆ ಹಾಕಿದ ಕೋಶವನ್ನು ದೇಹ ತಿರಸ್ಕರಿಸದಂತೆ ಅವರು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಗೊಳ್ಳುತ್ತಲೇ ಇರಬೇಕು. ಮನುಷ್ಯರ ಭ್ರೂಣದ ಸ್ಟೆಮ್ ಸೆಲ್ ಮೊದಲ ಬಾರಿ ಬೆಳೆಸಿದ್ದು 1998ರಲ್ಲಿ. ಅಲ್ಲಿಂದ ಇಲ್ಲಿಗೆ 27 ವರ್ಷ ಹಿಡಿಯಿತು. ನಿಜವಾದ ವಿಜ್ಞಾನದ ನಡಿಗೆ ಈ ಥರ. ಒಂದು ಕಾಯಿಲೆ, ಒಂದು ಬಗೆಯ ಕೋಶ, ಎಣಿಸಿದಷ್ಟು ರೋಗಿಗಳು, ಎಲ್ಲರ ಲೆಕ್ಕ ಬಹಿರಂಗ. ಹತ್ತು ಕಾಯಿಲೆಗೆ ಒಂದೇ ಬಾಟಲಿ ತೋರಿಸುವವರ ನಡಿಗೆ ಇದಲ್ಲ.

ಫೋನ್ ಮಾಡಿದ ಆ ತಂದೆಗೆ ನಾನು ಹೇಳಿದ್ದು ಇಷ್ಟು. ಯಜಮಾನ್ರೇ, ಈಗಲೇ ಮಾರಬೇಡಿ. ಅವರು ಕೊಡೋದು ಮಾನ್ಯ ಚಿಕಿತ್ಸೆಯೋ, ಪ್ರಯೋಗವೋ ಅಂತ ಕೇಳಿ. ಪ್ರಯೋಗ ಅಂದರೆ ಅದಕ್ಕೆ ಸಿಟಿಆರ್‌ಐ ನಂಬರ್ ಇರಲೇಬೇಕು, 2009ರಿಂದ ಆ ನೋಂದಣಿ ಕಡ್ಡಾಯ. ಪ್ರಯೋಗ ಅಂತ ಹೇಳಿ ಅದಕ್ಕೆ ನಿಮ್ಮ ಹತ್ತಿರವೇ ದುಡ್ಡು ಕೇಳಿದರೆ ಅಲ್ಲೇ ಎಡವಟ್ಟು ಇದೆ ಅಂತ ತಿಳೀರಿ, ಪ್ರಯೋಗಕ್ಕೆ ಒಳಗಾಗುವವರಿಂದ ಅದರ ಖರ್ಚು ವಸೂಲಿ ಮಾಡುವಂತಿಲ್ಲ. ಚಿಕಿತ್ಸೆ ಅಂದರೆ, ಯಾವ ಕೋಶ, ಎಲ್ಲಿಂದ ತೆಗೆದದ್ದು, ಯಾವ ಅನುಮತಿ ಇದೆ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಆ ಕಾಗದ ಹಿಡಿದು ಅಥಣಿ ರಸ್ತೆಯಲ್ಲೇ ಇರುವ ಮೆಡಿಕಲ್ ಕಾಲೇಜಿನ ಮಕ್ಕಳ ವಿಭಾಗಕ್ಕೋ, ಸರ್ಕಾರಿ ಜಿಲ್ಲಾ ಆಸ್ಪತ್ರೆಗೋ ಹೋಗಿ ಎರಡನೇ ಅಭಿಪ್ರಾಯ ಕೇಳಿ. ಫಿಸಿಯೋಥೆರಪಿ ಒಂದು ದಿನವೂ ತಪ್ಪಿಸಬೇಡಿ. ಸರ್ಕಾರದ ಆರ್‌ಬಿಎಸ್‌ಕೆ ಯೋಜನೆ ಇರೋದೇ ಇಂಥ ಮಕ್ಕಳಿಗಾಗಿ, ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನ ಕೇಳಿದರೆ ದಾರಿ ಹೇಳ್ತಾರೆ.

"ಆ ನಂಬರ್ ಖರೇನೋ ಸುಳ್ಳೋ ನಮಗ ಹ್ಯಾಂಗ ತಿಳೀತೈತ್ರೀ?" ಅಂದರು. ಮನೆಯಲ್ಲಿ ಕಾಲೇಜಿಗೆ ಹೋಗೋರು ಯಾರಿದ್ದಾರೆ ಅಂತ ಕೇಳಿದೆ. ಮಗಳಿದ್ದಾಳೆ ಅಂದರು. ಸಿಟಿಆರ್‌ಐ ವೆಬ್‌ಸೈಟ್‌ಗೆ ಶುಲ್ಕ ಇಲ್ಲ, ಪಾಸ್‌ವರ್ಡ್ ಬೇಕಿಲ್ಲ. ನಂಬರ್ ಹಾಕಿದರೆ ಯಾವ ಆಸ್ಪತ್ರೆ, ಯಾವ ಕಾಯಿಲೆ, ಎಷ್ಟು ರೋಗಿಗಳು, ಯಾವ ನೈತಿಕ ಸಮಿತಿ ಒಪ್ಪಿದೆ ಅನ್ನೋದೆಲ್ಲ ಮೊಬೈಲ್‌ನಲ್ಲೇ ಬರುತ್ತೆ. ಮಗಳ ಕೈಗೆ ಫೋನ್ ಕೊಡಿ ಅಂದೆ.